ಕಾನು ದಾನ ಕೊಡುವ ಮುಂಚೆ ಪಹಣಿ ನೋಡಿ

ಪ್ರಶ್ನೆ: ನಮ್ಮ ಮನೆಗೆ ಸೇರಿದ ಆರು ಎಕರೆ ಕಾನು (ದಟ್ಟ ನಿತ್ಯಹಸಿರು ಕಾಡು) ಇದೆ, ಅದರೊಳಗೆ ರಾಂಪತ್ರೆ ಜಡ್ಡಿಯೂ (ಕಾಡುಜಾಯಿಕಾಯಿ ಜಾತಿಯ ಮರಗಳಿರುವ ಜೌಗು) ಇದೆ. ಟ್ರಸ್ಟ್ ಒಂದಕ್ಕೆ ದಾನ ಕೊಟ್ಟರೆ ಅದು ಮುಂದೆಯೂ ಕಾಡಾಗಿಯೇ ಉಳಿದೀತೇ?
– ಓದುಗರು, ಸಿದ್ದಾಪುರ, ಉತ್ತರ ಕನ್ನಡ

ಉತ್ತರ: ದಾನಪತ್ರದಿಂದ ಜಮೀನು ಕೈ ಬದಲಾಗುತ್ತದೆ, ಅಷ್ಟೇ. ‘ಎಂದೂ ಮಾರಕೂಡದು’ ಎಂದು ಬರೆಸಿದರೂ ಅಂಥ ಷರತ್ತು ಸಾಮಾನ್ಯವಾಗಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಮೊದಲು ಸಮುದಾಯ ಮೀಸಲು (ವನ್ಯಜೀವಿಗಾಗಿ ಕಾನೂನಿನ ರಕ್ಷಣೆ ಪಡೆದ ಜಾಗ) ಘೋಷಣೆ ಆಗಲಿ, ದಾನ ಆಮೇಲೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36-ಸಿ ಕಲಂ ಪ್ರಕಾರ, ಮಾಲೀಕರು ತಾವಾಗಿ ಮುಂದೆ ಬಂದರೆ ಖಾಸಗಿ ಜಮೀನನ್ನೂ ರಾಜ್ಯ ಸರ್ಕಾರ ಸಮುದಾಯ ಮೀಸಲು ಎಂದು ಘೋಷಿಸಬಹುದು. (‘ಸಂರಕ್ಷಣಾ ಮೀಸಲು’ ಬೇರೆ, ಅದು ಸರ್ಕಾರಿ ಜಾಗಕ್ಕೆ.) ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ 2007ರಲ್ಲಿ ಸಿಕ್ಕಿದ್ದು ಈ ಮಾನ್ಯತೆಯೇ. ಘೋಷಣೆಯ ನಂತರ ಭೂಬಳಕೆ ಬದಲಿಸಲು ನಿರ್ವಹಣಾ ಸಮಿತಿಯ ಠರಾವೂ ಬೇಕು, ಸರ್ಕಾರದ ಒಪ್ಪಿಗೆಯೂ ಬೇಕು. ಖಾಸಗಿ ಜಮೀನಾದರೆ ಮಾಲೀಕರು, ಅರಣ್ಯ ಇಲಾಖೆ ಮತ್ತು ಪಂಚಾಯತಿಯ ಪ್ರತಿನಿಧಿಗಳು ಸಮಿತಿಯಲ್ಲಿರಬೇಕು ಎಂಬುದು 2022ರ ತಿದ್ದುಪಡಿ. ನಿಮ್ಮ ಅರಣ್ಯ ವಿಭಾಗದ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಅವರಿಗೆ ಪಹಣಿ, ನಕ್ಷೆ ಸಮೇತ ಅರ್ಜಿ ಕೊಡಿ.

ಎಡವುವುದು ಪಹಣಿಯಲ್ಲೇ. ಮಾಲೀಕರ ಹೆಸರಿನ 9ನೇ ಕಾಲಂನಲ್ಲಿ ನಿಮ್ಮ ಹೆಸರಿದೆಯೇ ನೋಡಿ. ತಲೆಮಾರುಗಳಿಂದ ತೋಟಕ್ಕೆ ಸೊಪ್ಪು ತಂದ ಬೆಟ್ಟ ‘ನಮ್ಮದೇ’ ಅನ್ನಿಸುವುದು ಸಹಜ, ಆದರೆ ಸೊಪ್ಪಿನ ಬೆಟ್ಟ ಸರ್ಕಾರದ್ದು. ನಿಮಗಿರುವುದು ಬಳಕೆಯ ಹಕ್ಕು ಮಾತ್ರ, ಅದನ್ನು ದಾನ ಕೊಡಲು ಬಾರದು. ಪಿತ್ರಾರ್ಜಿತವಾದರೆ ಮದುವೆಯಾಗಿ ಹೋದ ಅಕ್ಕತಂಗಿಯರೂ ಸೇರಿ ಎಲ್ಲ ಪಾಲುದಾರರ ಸಹಿ ಹಾಕಿಸಿ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಡುವುದಾದರೆ ಆ ಭಾಗವನ್ನು ಅಳೆದು ಗುರುತಿಸಿದ ಸರ್ವೆ ಇಲಾಖೆಯ 11-ಇ ನಕ್ಷೆ ಬೇಕು. ದಾನಪತ್ರ ನೋಂದಣಿ ಆಗಲೇಬೇಕು, ಇಬ್ಬರು ಸಾಕ್ಷಿಗಳಿರಬೇಕು, ನೀವು ಬದುಕಿರುವಾಗಲೇ ಟ್ರಸ್ಟ್ ಅದನ್ನು ಸ್ವೀಕರಿಸಬೇಕು. ಆಮೇಲೆ ಮನಸ್ಸು ಬದಲಾಯಿತೆಂದು ರದ್ದು ಮಾಡಲಾಗದು.

ಪ್ರಶ್ನೆ: ಜಡ್ಡಿಯಲ್ಲಿ ಹೊಸ ಗಿಡ ನೆಡಬೇಕೇ?

ಉತ್ತರ: ನೀರು ಸರಿಯಿದ್ದರೆ ಬೇಡ. ಜಡ್ಡಿಯ ಕೆಸರಿನಲ್ಲಿ ಗಾಳಿಯಿಲ್ಲ, ಅದಕ್ಕೇ ರಾಂಪತ್ರೆ ಬೇರು ಮೊಣಕಾಲು ಮಡಿಸಿದಂತೆ ಮೇಲೆದ್ದು ಉಸಿರಾಡುತ್ತದೆ. ಮೇಲ್ಗಡೆ ಹಳ್ಳಕ್ಕೆ ಪೈಪ್ ಹಾಕಿ ತೋಟಕ್ಕೆ ನೀರು ಒಯ್ದರೆ ಕೆಸರು ಆರುತ್ತದೆ. ರಸ್ತೆ ಕಡಿದ ಮಣ್ಣು ಕೊಚ್ಚಿ ಬಂದರೆ ಬೇರು ಹೂತು ಉಸಿರು ಕಟ್ಟುತ್ತದೆ. ಎರಡನ್ನೂ ತಡೆಯಿರಿ. ಅಂಚಿನ ಮರ ಕಡಿದು ಬಿಸಿಲು ಬಿಟ್ಟರೆ ಯುಪಟೋರಿಯಂ ಕಳೆ ನುಗ್ಗುತ್ತದೆ. ತೀರಾ ಬರಿದಾದ ಕಡೆ ಮಾತ್ರ ಅಲ್ಲಿಯದೇ ಬೀಜದ ಸಸಿ ನೆಡಿ. ರಾಂಪತ್ರೆ ಬೀಜ ಒಣಗಿದರೆ ಮೊಳೆಯದು. ಬಿದ್ದ ಹಸಿ ಬೀಜವನ್ನು ಕೂಡಲೇ ನೆರಳಿನಲ್ಲಿ, ತೇವದ ಮಣ್ಣಿಗೆ ಹಾಕಿ.