ಹಳೇ ಎಡಿಷನ್ ಸಾಕಾ, ಹೊಸದೇ ಬೇಕಾ?

ಪ್ರಶ್ನೆ: ಮಗ ಕಾರವಾರದಲ್ಲಿ ಬಿ.ಎಸ್ಸಿ., ಮಗಳು ನರ್ಸಿಂಗ್ ಸೇರಿದ್ದಾರೆ. ಹೊಸ ಪುಸ್ತಕಗಳ ಬೆಲೆ ಕೇಳಿಯೇ ತಲೆ ತಿರುಗಿತು. ಸೀನಿಯರ್‌ಗಳ ಹಳೇ ಪುಸ್ತಕ ತಗೊಳ್ಳಬಹುದಾ?
– ಓದುಗರೊಬ್ಬರು, ಶಿರಸಿ

ಉತ್ತರ: ಗಣಿತದ್ದಾದರೆ ಧೈರ್ಯವಾಗಿ ಹಳೇದೇ ತಗೊಳ್ಳಿ. ಕ್ಯಾಲ್ಕುಲಸ್ ಬದಲಾಗಿಲ್ಲ, ಅಭ್ಯಾಸದ ಲೆಕ್ಕಗಳ ನಂಬರ್ ಹಿಂದೆಮುಂದೆ ಆಗಿರುತ್ತದೆ ಅಷ್ಟೇ. ಫಿಸಿಕ್ಸ್ ಪುಸ್ತಕದಲ್ಲಿ ಮೊದಲ ಅಧ್ಯಾಯ ತೆರೆದು ಕಿಲೋಗ್ರಾಂ ಬಗ್ಗೆ ಏನಿದೆ ನೋಡಿ. ಪ್ಯಾರಿಸ್ ಹತ್ತಿರ ಇಟ್ಟಿರುವ ಪ್ಲಾಟಿನಂ-ಇರಿಡಿಯಂ ತುಂಡೇ ಅಳತೆ ಅಂತ ಬರೆದಿದ್ದರೆ ಅದು ಹಳೇ ಪಾಠ, 2019ರ ಮೇ ತಿಂಗಳಿಂದ ಪ್ಲಾಂಕ್ ಸ್ಥಿರಾಂಕದ (ಎಂದೂ ಬದಲಾಗದ ಒಂದು ಭೌತಶಾಸ್ತ್ರದ ಸಂಖ್ಯೆ) ಲೆಕ್ಕ ಜಾರಿಯಲ್ಲಿದೆ. ಆ ಪುಟ ತಿದ್ದಿಕೊಂಡರೆ ಸಾಕು, ಅದಕ್ಕೋಸ್ಕರ ಸುಮ್ನೆ ಹೊಸ ಪುಸ್ತಕ ಬೇಡ.

ಮಗಳ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಅನಾಟಮಿ ಹಳೇದಾದರೂ ನಡೆಯುತ್ತದೆ, ಮೂಳೆ 206ಕ್ಕಿಂತ ಜಾಸ್ತಿ ಆಗಿಲ್ಲ ಅಲ್ವಾ! ಫಾರ್ಮಕಾಲಜಿ ಹೊಸದೇ ಇರಲಿ, ಔಷಧಿ ಸಲಹೆಗಳು ಬದಲಾಗುತ್ತಲೇ ಇರುತ್ತವೆ. ಕೊಳ್ಳುವಾಗ ಒಳಪುಟ ನೋಡಿ: ಹೊಸ ಮುದ್ರಣ ಅಂದರೆ ಹೊಸ ಆವೃತ್ತಿ ಅಲ್ಲ, ಹಳೇದನ್ನೇ ಮತ್ತೆ ಅಚ್ಚು ಹಾಕಿರುತ್ತಾರೆ.

ದುಡ್ಡೇ ಬೇಡ ಅಂದರೆ ಅಮೆರಿಕದ ರೈಸ್ ಯೂನಿವರ್ಸಿಟಿಯ ಓಪನ್‌ಸ್ಟ್ಯಾಕ್ಸ್ ಅನ್ನೋ ವೆಬ್‌ಸೈಟ್ ಇದೆ. 2012ರಿಂದ ಒಂದೊಂದಾಗಿ ಫಿಸಿಕ್ಸ್, ಕ್ಯಾಲ್ಕುಲಸ್, ಅನಾಟಮಿ, ಈಚೆಗೆ ನರ್ಸಿಂಗ್ ಪುಸ್ತಕಗಳನ್ನೂ ಉಚಿತವಾಗಿ ಕೊಡುತ್ತಿದೆ. ಇಂಗ್ಲಿಷ್‌ನಲ್ಲಿವೆ, ಸಿಲೆಬಸ್ಸೂ ನಮ್ಮದಲ್ಲ, ಆದರೆ ಚಿತ್ರಗಳು ಬಹಳ ಚೆನ್ನಾಗಿವೆ.