ದುಬೈಗೆ ಬರುವ ಬೆಟಗೇರಿಯ ತಂಗಿಗೆ

ತಂಗಿ, ನಿನ್ನ ಮೂರು ಪ್ರಶ್ನೆ ಓದಿದೆ. ಸತ್ಯವೇದ ಬ್ಯಾಗಿನಲ್ಲಿ ತರಬಹುದಾ, ಕುತ್ತಿಗೆಯ ಶಿಲುಬೆ ತೆಗೆದಿಡಬೇಕಾ, ಭಾನುವಾರ ಆರಾಧನೆಗೆ ಹೋಗಲು ಬಿಡುತ್ತಾರಾ. ತಾ. ತೆಗೆಯಬೇಡ. ಬಿಡುತ್ತಾರೆ, ಡ್ಯೂಟಿ ಇಲ್ಲದಿದ್ದರೆ. ವಾರ್ಡಿನಲ್ಲಿ ಸರ ಹಾಕಬಾರದು ಎಂದರೆ ಅದು ಎಲ್ಲ ನರ್ಸ್‌ಗಳಿಗೂ ಇರುವ ನಿಯಮ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಸಂಬಳ, ಪರೀಕ್ಷೆಯ ವಿಷಯ ಎ.ಸಿ. ರಿಪೇರಿ ಮಾಡುವ ನನಗೆ ಗೊತ್ತಾಗುವುದಿಲ್ಲ, ನಿನ್ನ ಸೀನಿಯರ್‌ಗಳನ್ನು ಕೇಳು.

ನಾನು ಮೊದಲು ಇಳಿದದ್ದು ದುಬೈಯಲ್ಲಿ ಅಲ್ಲ, ಸೌದಿಯ ದಮ್ಮಾಮ್‌ನಲ್ಲಿ, 2002ರಲ್ಲಿ. ಅಲ್ಲಿ ಚರ್ಚ್ ಅನ್ನುವುದೇ ಇಲ್ಲ. ಯಾರೋ ಹೆದರಿಸಿದ್ದಕ್ಕೆ ಸತ್ಯವೇದವನ್ನು ಉಡುಪಿಯಲ್ಲೇ ಬಿಟ್ಟು ಬಂದಿದ್ದೆ. ಶುಕ್ರವಾರ ನಾವು ಮೂವರು ರೂಮಿನ ಪರದೆ ಎಳೆದು, ಎ.ಸಿ.ಯ ಫ್ಯಾನ್ ಜೋರು ಮಾಡಿ ಕೂರುತ್ತಿದ್ದೆವು. ಬಾಯಿಪಾಠ ಬರುತ್ತಿದ್ದ 23ನೇ ಕೀರ್ತನೆ ಹೇಳುತ್ತಿದ್ದೆವು. ಹಾಡಿಗೆ ತುಟಿ ಮಾತ್ರ ಆಡುತ್ತಿತ್ತು, ಸ್ವರ ಇಲ್ಲ. ಮೂರು ವರ್ಷ ಹೀಗೆ.

ದುಬೈಗೆ ಬಂದ ಮೊದಲ ಶುಕ್ರವಾರ, ಇಲ್ಲಿನ ಚರ್ಚುಗಳಿರುವ ಔದ್ ಮೇಥಾ ಬಡಾವಣೆಗೆ ಹೋದೆ. ಆಗ ವಾರದ ರಜೆ ಶುಕ್ರವಾರವೇ ಇದ್ದದ್ದರಿಂದ ದೊಡ್ಡ ಆರಾಧನೆಯೂ ಅಂದೇ. 2022ರಿಂದ ರಜೆ ಶನಿವಾರ, ಭಾನುವಾರಕ್ಕೆ ಬಂತು. ಶೇಖ್ ರಶೀದ್ ಕೊಟ್ಟ ಜಾಗದಲ್ಲಿ 1967ರಲ್ಲಿ ಎದ್ದ ಕ್ಯಾಥೊಲಿಕರ ಸೇಂಟ್ ಮೇರೀಸ್, ಪಕ್ಕದಲ್ಲೇ ನಮ್ಮಂಥ ಪ್ರಾಟೆಸ್ಟೆಂಟರಿಗೆ ಹೋಲಿ ಟ್ರಿನಿಟಿ. ಹೋಲಿ ಟ್ರಿನಿಟಿಯ ಆವರಣದಲ್ಲಿ ಒಂದೊಂದು ಹಾಲ್‌ನಲ್ಲಿ ಒಂದೊಂದು ಭಾಷೆ. ಮಲಯಾಳಿಗಳ ಹಾಲ್‌ನಿಂದ ಹಾಡು ರಸ್ತೆಗೇ ಕೇಳಿಸುತ್ತಿತ್ತು. ಪೊಲೀಸ್ ಇದ್ದ, ಕಾರುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದ! ಒಳಗೆ ಹೋಗಿ ನಿಂತೆ. ಎಲ್ಲರೂ ಹಾಡುತ್ತಿದ್ದಾರೆ, ನನ್ನ ಬಾಯಿ ಬಿಡುವುದೇ ಇಲ್ಲ. ಪಕ್ಕದ ಅಜ್ಜಿ ಪುಸ್ತಕ ನನ್ನ ಕಡೆ ಸರಿಸಿದರು, ಪದ ಗೊತ್ತಿಲ್ಲ ಅಂದುಕೊಂಡರೇನೋ. ಆ ದಿನದ ಋಣ ಈ ದೇಶಕ್ಕೆ ನನ್ನಿಂದ ತೀರುವುದಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ನಮ್ಮ ಕರಾವಳಿಯ ಚರ್ಚುಗಳ ಮೇಲೆ ದಾಳಿಯಾದಾಗ ಅಮ್ಮ ಫೋನಿನಲ್ಲಿ, "ನೀನು ಅಲ್ಲಿರುವುದೇ ವಾಸಿ ಮಗಾ" ಎಂದರು. ಅರಬರ ನಾಡಿನಲ್ಲಿರುವ ಮಗನಿಗೆ ಊರಿನಲ್ಲಿರುವ ತಾಯಿ ಹೇಳುವ ಮಾತಾ ಅದು? ನಿಮ್ಮ ಬೀದಿಯ ಪ್ರಾರ್ಥನಾ ಕೂಟಕ್ಕೆ ಯಾರೋ ತಕರಾರು ತೆಗೆದರು ಎಂದು ನೀನು ಬರೆದದ್ದು ಓದಿ ಅದೇ ನೆನಪಾಯಿತು.

ಈಗ ನೀನು ಕೇಳದೇ ಇದ್ದದ್ದು. ಕಡೆಗೂ ಚರ್ಚಿನಲ್ಲಿ ಬಾಯಿ ಬಿಟ್ಟು ಹಾಡಿದ ಮೇಲೆ, ನನ್ನ ನಂಬಿಕೆಯನ್ನು ಬೇರೆಯವರಿಗೂ ಹೇಳದೆ ನನಗೆ ತಡೆಯಲಾಗಲಿಲ್ಲ. ರೂಮಿನಲ್ಲಿ ನನ್ನ ಜೊತೆ ಇದ್ದವನು ಭಟ್ಕಳದ ಹುಡುಗ. ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟವನು. ಒಂದು ಸಂಜೆ ಕನ್ನಡದ ಹೊಸ ಒಡಂಬಡಿಕೆಯನ್ನು ಅವನ ದಿಂಬಿನ ಮೇಲಿಟ್ಟು ಡ್ಯೂಟಿಗೆ ಹೋದೆ. ದೊಡ್ಡ ಸೇವೆ ಮಾಡಿದೆ ಎಂಬ ಹಮ್ಮು. ಮುಸ್ಲಿಮರಿಗೆ ಬೇರೆ ಮತ ಬೋಧಿಸುವುದು ಇಲ್ಲಿ ಅಪರಾಧ, ಗೊತ್ತಿದ್ದೇ ಮಾಡಿದ್ದೆ. ಬೆಳಿಗ್ಗೆ ಬಂದಾಗ ಪುಸ್ತಕ ನನ್ನ ಪೆಟ್ಟಿಗೆಯ ಮೇಲಿತ್ತು, ಒಗೆದ ಟವೆಲಿನಲ್ಲಿ ಸುತ್ತಿ. ಅವನು ದೂರು ಕೊಡಲಿಲ್ಲ. "ನಾನು ನಿನಗೆ ಯಾವತ್ತಾದರೂ ಏನಾದರೂ ಹೇಳಿದ್ದೆನಾ?" ಎಂದಷ್ಟೇ ಕೇಳಿದ. ಆ ವಾರವೇ ರೂಮು ಬದಲಿಸಿಕೊಂಡ.

ಅವನ ಜಾಗಕ್ಕೆ ಬಂದವನು ನಮ್ಮವನೇ, ಕ್ರೈಸ್ತ. ರಾತ್ರಿ ನಾನು ಮೊಣಕಾಲೂರಿದರೂ ಟಿ.ವಿ. ಹಾಗೇ ಓಡುತ್ತಿತ್ತು. ಭಟ್ಕಳದವನು ದಿನಾ ಅದನ್ನು ಆರಿಸುತ್ತಿದ್ದ ಎನ್ನುವುದು ನನ್ನ ಗಮನಕ್ಕೆ ಬಂದದ್ದೇ ಆಗ. ಒಂದು ಮಾತೂ ಆಡದೆ ಆರಿಸಿ, ನಾನು ಎದ್ದ ಮೇಲೆ ಹಾಕುತ್ತಿದ್ದ. ಆಮೇಲೆ ಅವನ ನಂಬರ್ ಹುಡುಕಿದೆ, ಕಂಪನಿ ಬಿಟ್ಟಿದ್ದ. ನಿನ್ನ ರೂಮಿನಲ್ಲಿ ಯಾರಿರುತ್ತಾರೋ, ಅವರು ಏನು ಆರಿಸುತ್ತಾರೆ ಎಂದು ಮೊದಲೇ ನೋಡಿಕೋ.

ಇಲ್ಲಿನ ಚರ್ಚಿನಲ್ಲಿ ಗೋಪುರ, ಗಂಟೆ ಹುಡುಕಬೇಡ, ಗಂಟೆ ಕೇಳಬೇಕೆನಿಸಿದರೆ ಊರಿಗೆ ಫೋನ್ ಮಾಡು. ಮೆಟ್ರೋದ ಗ್ರೀನ್ ಲೈನ್‌ನಲ್ಲಿ ಔದ್ ಮೇಥಾ ಸ್ಟೇಷನ್ ಇದೆ. ರಜೆಗೆ ಹೋದಾಗ ನಮ್ಮ ಕರಾವಳಿಯ ಕ್ರಿಸ್‌ಮಸ್ ತಿಂಡಿ ಕುಸ್ವಾರ್ ತಿಂದು ಬಾ, ಇಲ್ಲಿ ಸಿಗುವುದರಲ್ಲಿ ಆ ರುಚಿ ಇಲ್ಲ. ನಿಮ್ಮ ಬಯಲುಸೀಮೆಯಲ್ಲಿ ಅದನ್ನು ಮಾಡುತ್ತಾರೋ ಇಲ್ಲವೋ.

ಒಂದು ಉಪಕಾರ. ಕನ್ನಡದ ಗೀತೆಗಳ ಪುಸ್ತಕ ಒಂದು ಜಾಸ್ತಿ ತಾ. ನನ್ನದರ ಬೈಂಡಿಂಗ್ ಬಿಟ್ಟು ಕೊನೆಯ ಹಾಳೆಗಳು ಉದುರಿಹೋಗಿವೆ. ಆ ಹಾಡುಗಳು ಬಂದಾಗ ಈಗಲೂ ತುಟಿ ಮಾತ್ರ ಆಡಿಸುತ್ತೇನೆ.