ಪಂದಿ ಕರಿ ಬಿಟ್ಟರೂ ಇಳಿಯದ ಕೊಲೆಸ್ಟ್ರಾಲ್

ಹೆಸರು ಬೇಡ. ವಿರಾಜಪೇಟೆ ಕಡೆಯ ಕಾಫಿ ಬೆಳೆಗಾರರು, ವಯಸ್ಸು ಐವತ್ತು ದಾಟಿದೆ. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 168. ಮಾತ್ರೆಗೆ ಮುಂಚೆ ಊಟ ಬದಲಿಸಿ ನೋಡೋಣ ಎಂದು ಡಾಕ್ಟರ್ ಡಯಟೀಷಿಯನ್ ಆದ ನನ್ನ ಬಳಿ ಕಳಿಸಿದ್ದರು. ಜೊತೆಗೆ ಮಲಬದ್ಧತೆ.

"ಮೂರು ತಿಂಗಳಿಂದ ಪಂದಿ ಮುಟ್ಟಿಲ್ಲ ಮೇಡಂ, ಕೈಲ್‌ಮುಹೂರ್ತದ ದಿನವೂ ಕಡಂಬುಟ್ಟನ್ನು ತರಕಾರಿ ಸಾರಿನಲ್ಲಿ ತಿಂದೆ" ಎಂದರು. ಕೈಲ್‌ಮುಹೂರ್ತ ಕೊಡವರ ಹಬ್ಬ, ಅಂದು ಕಡಂಬುಟ್ಟು ಎಂಬ ಅಕ್ಕಿ ತರಿಯ ಉಂಡೆಗೆ ಜೊತೆ ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು. ಪಾಪ, ಅದಕ್ಕಿಂತ ದೊಡ್ಡ ಶಿಕ್ಷೆ ಉಂಟಾ?

ನಿನ್ನೆ ಏನು ತಿಂದಿರಿ ಎಂದು ಕೇಳಿದೆ. ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ನೂಪುಟ್ಟು, ಅಂದರೆ ಅಕ್ಕಿ ಶಾವಿಗೆ. ಹೆಸರು ಮೂರು, ಅಕ್ಕಿ ಒಂದೇ, ಅದೂ ಪಾಲಿಶ್ ಮಾಡಿದ್ದು. ಸಂಜೆ ಮಾತ್ರ 'ಆರೋಗ್ಯಕ್ಕೆ' ಮಲ್ಟಿಗ್ರೇನ್ ಬಿಸ್ಕತ್ತು. ಪ್ಯಾಕೆಟ್ ಅವರ ಹೆಂಡತಿಯ ಚೀಲದಲ್ಲೇ ಇತ್ತು, ಹಿಂದೆ ತಿರುಗಿಸಿ ಓದಿಸಿದೆ: ಮೈದಾ, ಸಕ್ಕರೆ, ತಾಳೆ ಎಣ್ಣೆ, ಧಾನ್ಯಗಳ ಹೆಸರು ಕೊನೆಯಲ್ಲೆಲ್ಲೋ. ಇಬ್ಬರೂ ಸುಮ್ಮನಾದರು.

ಲಿವರ್ ಕೊಲೆಸ್ಟ್ರಾಲ್‌ನಿಂದ ಪಿತ್ತರಸ ಮಾಡುತ್ತದೆ, ಕೊಬ್ಬು ಜೀರ್ಣವಾದ ಮೇಲೆ ಅದರಲ್ಲಿ ಹೆಚ್ಚಿನದು ಕರುಳಿನಿಂದ ವಾಪಸ್ ಬರುತ್ತದೆ. ಓಟ್ಸ್, ಬಾರ್ಲಿಯಲ್ಲಿರುವ ಬೀಟಾ-ಗ್ಲುಕಾನ್ ಎಂಬ ನಾರು ಹೊಟ್ಟೆಯಲ್ಲಿ ಲೋಳೆಯಂತಾಗಿ ಆ ಪಿತ್ತವನ್ನು ಹಿಡಿದು ಹೊರಗೆ ಸಾಗಿಸುತ್ತದೆ, ಆಗ ಹೊಸದನ್ನು ಮಾಡಲು ಲಿವರ್ ರಕ್ತದ ಕೊಲೆಸ್ಟ್ರಾಲನ್ನೇ ಎಳೆದುಕೊಳ್ಳಬೇಕು. ಇದಕ್ಕೆ ದಿನಕ್ಕೆ 3 ಗ್ರಾಂ ಬೀಟಾ-ಗ್ಲುಕಾನ್ ಬೇಕು, ಅಂದರೆ ಸುಮಾರು 75 ಗ್ರಾಂ ಓಟ್ಸ್. ರಾಗಿ, ತೌಡು ಉಳಿದ ಅಕ್ಕಿ ಎಲ್‌ಡಿಎಲ್ ಮೇಲೆ ಅಷ್ಟು ಕೆಲಸ ಮಾಡುವುದಿಲ್ಲ, ಹೊಟ್ಟೆಗೆ ಮಾತ್ರ ಬಹಳ ಒಳ್ಳೆಯದು. ನಾರನ್ನು ಕರುಳಿನ ಬ್ಯಾಕ್ಟೀರಿಯಾ ಹುಳಿಸಿ ಬ್ಯುಟಿರೇಟ್ ಮಾಡುತ್ತವೆ, ದೊಡ್ಡ ಕರುಳಿನ ಒಳಪದರಕ್ಕೆ ಅದೇ ಆಹಾರ.

ಇಷ್ಟೆಲ್ಲ ಹೇಳಿದ ನಾನು ನಿಧಾನವಾಗಿ ಶುರು ಮಾಡಿ ಎನ್ನುವುದನ್ನೇ ಮರೆತೆ. ನಾಲ್ಕನೇ ದಿನ ಫೋನ್: "ಹೊಟ್ಟೆ ಡೋಲು ಆಗಿದೆ ಮೇಡಂ." ಮೊದಲ ದಿನದಿಂದಲೇ ದೊಡ್ಡ ಬಟ್ಟಲು ಓಟ್ಸ್, ಮೂರು ಹೊತ್ತೂ ಕೆಂಪಕ್ಕಿ, ನೀರು ಮಾತ್ರ ಎಂದಿನಷ್ಟೇ. ತಪ್ಪು ನನ್ನದು. ಎರಡು ಚಮಚಕ್ಕೆ ಇಳಿಸಿ, ಮೂರು ವಾರದಲ್ಲಿ ಏರಿಸಿ, ನೀರು ಜಾಸ್ತಿ ಕುಡಿಯಿರಿ ಎಂದೆ. ಬಿಸ್ಕತ್ತು ಪೂರ್ತಿ ಬಂದ್. ಪಂದಿ ತಿಂಗಳಿಗೊಮ್ಮೆ, ನೆಣ ತೆಗೆದು.

ಎರಡು ತಿಂಗಳ ಮೇಲೆ ಎಲ್‌ಡಿಎಲ್ 154. ಮಾತ್ರೆ ಬೇಕೋ ಬೇಡವೋ ಡಾಕ್ಟರ್ ನೋಡುತ್ತಾರೆ. ಹೊಟ್ಟೆ ದಿನಾ ಸಲೀಸು. ಈಗ ಗದ್ದೆಯ ಭತ್ತವನ್ನು ಪಾಲಿಶ್ ಇಲ್ಲದೆ ಮಿಲ್ ಮಾಡಿಸಿ ಅದರ ತರಿಯಲ್ಲೇ ಕಡಂಬುಟ್ಟು ಮಾಡುತ್ತಾರಂತೆ. ಉಂಡೆ ಬಿರುಸು, ಬಣ್ಣ ಕಂದು, ಅವರ ಅಮ್ಮ ಇನ್ನೂ ಮುಟ್ಟಿಲ್ಲ.